ಡಿಜೆ ಆಂಟಿ ಪೆಟ್ಟಿಗೆ ಕೊಂಡದ್ದು

ಇಂದಿರಮ್ಮ ಮೂವತ್ತೇಳು ವರ್ಷ ದೆಹಲಿಯ ಒಂದು ಕೇಂದ್ರ ಸಚಿವಾಲಯದಲ್ಲಿ ಸ್ಟೆನೋ ಆಗಿದ್ದವರು. ಇಪ್ಪತ್ತಮೂರನೇ ವಯಸ್ಸಿಗೆ ಒಂದು ಟ್ರಂಕು, ಒಂದು ಶಾರ್ಟ್‌ಹ್ಯಾಂಡ್ ಸರ್ಟಿಫಿಕೇಟು ಹಿಡಿದುಕೊಂಡು ತುಮಕೂರಿನಿಂದ ರೈಲು ಹತ್ತಿ ಬಂದರು. ಸಾಹೇಬರು ಎಷ್ಟೇ ರಭಸದಿಂದ ಮಾತಾಡಲಿ, ಇವರ ಪೆನ್ಸಿಲ್ ಒಂದು ಶಬ್ದವೂ ಹಿಂದೆ ಬೀಳುತ್ತಿರಲಿಲ್ಲ. ಅದು ಹೇಗೆ ಸಾಧ್ಯ ಅಂತ ನಾನೊಮ್ಮೆ ಕೇಳಿದ್ದಕ್ಕೆ, "ಮಾತಿನ ಅರ್ಥ ನಾನು ಕೇಳಿಸಿಕೊಳ್ಳೋದೇ ಇಲ್ಲ. ಲಯ ಮಾತ್ರ ಹಿಡ್ಕೋತೀನಿ. ಅರ್ಥ ಅನ್ನೋದು ಇದ್ದರೆ ಆಮೇಲೆ ಟೈಪ್ ಮಾಡುವಾಗ ಸಿಗುತ್ತೆ" ಅಂದರು.

ಅವರ ಮನೆ ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸ್‌ನ ಎರಡನೇ ಮಹಡಿಯಲ್ಲಿ. ಅದರ ಕೆಳಗಿನದು ನನ್ನ ಮನೆ. ಹಾಗಾಗಿ ಈ ಕತೆಯ ಅರ್ಧವನ್ನು ನಾನು ಕಣ್ಣಾರೆ ಕಂಡಿದ್ದೇನೆ, ಉಳಿದರ್ಧವನ್ನು ಛಾವಣಿಯ ಮೂಲಕ ಕೇಳಿಸಿಕೊಂಡಿದ್ದೇನೆ.

ಇಂದಿರಮ್ಮ ಡಿಜೆ ಆದದ್ದು ಎರಡು ಸಾವಿರದ ಆರರ ನವೆಂಬರಿನಲ್ಲಿ, ಒಂದು ಮಧ್ಯಾಹ್ನ. ನಮ್ಮ ಬ್ಲಾಕಿನ ಪಂಜಾಬಿ ಕುಟುಂಬವೊಂದರ ಮಗಳ ಮದುವೆ. ಮುಂದಿನ ಹುಲ್ಲುಹಾಸಿನಲ್ಲಿ ಶಾಮಿಯಾನ ಹಾಕಿ ಹೆಂಗಸರ ಸಂಗೀತ, ಅಂದರೆ ಮದುವೆಗೆ ಮುಂಚಿನ ಹಾಡು ಕುಣಿತ, ಇಟ್ಟುಕೊಂಡಿದ್ದರು. ಕರೋಲ್ ಬಾಗ್ ಕಡೆಯಿಂದ ಬಂದಿದ್ದ ಡಿಜೆ ನಾಲ್ಕನೇ ಹಾಡಿಗೆ ಬರುವಷ್ಟರಲ್ಲಿ ಅವನ ಲ್ಯಾಪ್‌ಟಾಪಿನ ಪರದೆ ನೀಲಿ ಬಣ್ಣಕ್ಕೆ ತಿರುಗಿ ನಿಂತುಬಿಟ್ಟಿತು. "ಎರಡೇ ನಿಮಿಷ ಆಂಟೀಜಿ" ಅಂತ ಅವನು ಅರ್ಧ ಗಂಟೆ ಹೇಳಿದ. ಎತ್ತಿದ ಕೈ ಎತ್ತಿಕೊಂಡೇ ನಿಂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಕೈ ಇಳಿಸಿ ಪಕೋಡದ ಕಡೆ ನಡೆದರು. ಮದುಮಗಳ ಕಣ್ಣಲ್ಲಿ ನೀರು.

ಇಂದಿರಮ್ಮ ಎದ್ದು ಮನೆಗೆ ಹೋದರು. ತಮ್ಮ ಟೇಪ್ ರೆಕಾರ್ಡರ್ ಒಂದು, ನಮ್ಮ ಮನೆಯದೊಂದು, ಒಂದು ಚೀಲ ಕ್ಯಾಸೆಟ್ಟು, ಕಿವಿಯ ಹಿಂದೆ ಒಂದು ಪೆನ್ಸಿಲ್ ಇಟ್ಟುಕೊಂಡು ಇಳಿದು ಬಂದರು. ಡಿಜೆಯ ಎರಡು ಮೈಕುಗಳನ್ನು ಎರಡು ಟೇಪ್ ರೆಕಾರ್ಡರ್‌ಗಳ ಮುಂದೆ ಹಿಡಿದರು. ಎಡಗಡೆಯದರಲ್ಲಿ ಹಾಡು ಮುಗಿಯುತ್ತಾ ಬಂದಾಗ ಎಡಗೈ ಮೈಕನ್ನು ಮೆಲ್ಲಗೆ ಹಿಂದಕ್ಕೆ ಸರಿಸುವುದು, ಬಲಗಡೆಯದಕ್ಕೆ ಬಲಗೈ ಮೈಕನ್ನು ಹತ್ತಿರ ತರುವುದು. ಮುಂದಿನ ಕ್ಯಾಸೆಟ್ಟನ್ನು ಪೆನ್ಸಿಲ್‌ನಲ್ಲಿ ತಿರುಗಿಸಿ ಹಾಡು ಶುರುವಾಗುವ ಜಾಗಕ್ಕೆ ತಂದಿಟ್ಟುಕೊಳ್ಳುವುದು. ಎರಡೂವರೆ ಗಂಟೆ ಒಂದೇ ಒಂದು ತಾಳ ತಪ್ಪಲಿಲ್ಲ. ಹೆಂಗಸರು ಚಪ್ಪಲಿ ಬಿಸಾಡಿ ಕುಣಿದರು. ಕರೋಲ್ ಬಾಗ್‌ನ ಡಿಜೆ ಕೊನೆಗೆ ಲ್ಯಾಪ್‌ಟಾಪ್ ಮುಚ್ಚಿಟ್ಟು ತಾನೂ ಕುಣಿದ. ಅವತ್ತಿನಿಂದ ಇಂದಿರಮ್ಮನಿಗೆ ಡಿಜೆ ಆಂಟಿ ಅಂತಲೇ ಹೆಸರಾಯಿತು.

ಆಮೇಲೆ ಎರಡು ವರ್ಷ ಕರೆಗಳಿಗೆ ಕೊನೆಯಿಲ್ಲ. ಸಂಗೀತ, ಕೀರ್ತನೆ, ಕಿಟ್ಟಿ ಪಾರ್ಟಿ, ನಮ್ಮ ಕನ್ನಡದವರ ಕೋಲಾಟ, ಯಾರದೋ ಅರಿಶಿನ ಕುಂಕುಮ. ಎರಡು ಸಿಡಿ ಪ್ಲೇಯರ್, ಎಲ್ಲಿಂದಲೋ ತಂದ ಒಂದು ಹಳೇ ಮಿಕ್ಸರ್ ಇಟ್ಟುಕೊಂಡು ಶನಿವಾರ ಭಾನುವಾರಗಳಲ್ಲಿ ಹೋಗಿ ಬರುತ್ತಿದ್ದರು. ಸಿಡಿಗಳಿಗೆ ಗೀರು ಬಿದ್ದು, ಒಂದು ಕೀರ್ತನೆಯಲ್ಲಿ ದೇವರ ಹೆಸರಿನ ಮೊದಲ ಅಕ್ಷರವೇ ಒಂದು ನಿಮಿಷ ಕೇಳಿಬಂದು, ಭಕ್ತರು ಅದನ್ನೂ ಹಾಗೆಯೇ ಹೇಳಿಕೊಂಡು ಹೋದದ್ದುಂಟು.

ಎರಡು ಸಾವಿರದ ಒಂಬತ್ತರ ಜನವರಿ ಮೂವತ್ತೊಂದಕ್ಕೆ ಇಂದಿರಮ್ಮ ನಿವೃತ್ತರಾದರು. ಕಚೇರಿಯವರು ಶಾಲು ಹೊದಿಸಿ ಗೋಡೆ ಗಡಿಯಾರ ಕೊಟ್ಟರು. ಹೊತ್ತು ನೋಡುವ ಅಗತ್ಯ ತೀರಿದ ದಿನವೇ ಗಡಿಯಾರ ಕೊಡುವುದು ಸರ್ಕಾರದ ಪದ್ಧತಿ. ಮಾರನೇ ದಿನ ಬೆಳಿಗ್ಗೆ ಕಾಫಿ ಕುಡಿಯುತ್ತಾ ಅವರು ಗಂಡನಿಗೆ ಹೇಳಿದರು: "ರೀ, ನಾನೊಂದು ಸರಿಯಾದ ಡಿಜೆ ಮೆಷಿನ್ ತಗೋತೀನಿ."

ಗಂಡ ಏಕನಾಥರು ಸೆಕ್ಷನ್ ಆಫೀಸರ್ ಆಗಿ ಎರಡು ವರ್ಷ ಮುಂಚೆಯೇ ನಿವೃತ್ತರಾಗಿದ್ದವರು. ಬಹಳ ಒಳ್ಳೆಯ ಮನುಷ್ಯ. ಆದರೆ ಫೈಲಿಲ್ಲದೆ ಅವರಿಗೆ ಊಟ ಸೇರುತ್ತಿರಲಿಲ್ಲ. ಮನೆಗೆ ಪ್ರೆಶರ್ ಕುಕ್ಕರ್ ತರುವಾಗಲೂ ಎರಡು ಪುಟದ ಟಿಪ್ಪಣಿ ಬರೆದು, ಕೆಳಗೆ ಸಹಿ ಹಾಕಿ, ಹೆಂಡತಿಯ ಸಹಿಗೆ ಅಡುಗೆಮನೆಗೆ ಕಳಿಸುತ್ತಿದ್ದರು. ಈಗ ಹೊಸದೊಂದು ಫೈಲ್ ತೆರೆಯುವ ಯೋಗ ಬಂತು. ಮೇಲೆ ದುಂಡು ಅಕ್ಷರದಲ್ಲಿ ಬರೆದರು: "ವಿಷಯ: ಶ್ರೀಮತಿ ಇಂದಿರಾ ಅವರಿಗೆ ಸಂಗೀತ ಯಂತ್ರದ ಖರೀದಿ. ಸಾಧಕ ಬಾಧಕಗಳ ಪರಿಶೀಲನೆ."

ಪರಿಶೀಲನೆಗೆ ಇಬ್ಬರೂ ಕೆಂಪುಕೋಟೆಯ ಎದುರಿನ ಲಜಪತ್ ರಾಯ್ ಮಾರ್ಕೆಟ್ಟಿಗೆ ಹೋದರು. ಅಲ್ಲಿ ಚಂದ್ರಮೋಹನ ಅನ್ನುವವರದ್ದು ಸ್ಪೀಕರ್, ಆಂಪ್ಲಿಫೈಯರ್ ಮಾರುವ ಅಂಗಡಿ. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಬರಬೇಕಾದಷ್ಟು ಜಾಗ. ಕುಂಕುಮ ಇಟ್ಟ, ಕೈಮಗ್ಗದ ಸೀರೆ ಉಟ್ಟ ಅರವತ್ತರ ಹೆಂಗಸನ್ನು ನೋಡಿ ಚಂದ್ರಮೋಹನ ಎದ್ದು ನಿಂತು, "ಬೇಟೇ ಕೆ ಲಿಯೇ, ಮಾತಾಜಿ?" ಅಂದರು.

"ಮಗ ಇಲ್ಲ. ನನಗೇ."

ಚಂದ್ರಮೋಹನ ಏಕನಾಥರ ಮುಖ ನೋಡಿದರು. ಏಕನಾಥರು ಫೈಲ್ ಬಿಚ್ಚಿ ಪೆನ್ನಿನ ಮುಚ್ಚಳ ತೆಗೆದರು. ವ್ಯವಹಾರ ಖರೆ ಅಂತ ಚಂದ್ರಮೋಹನರಿಗೆ ಆಗ ಗೊತ್ತಾಯಿತು.

ಚಂದ್ರಮೋಹನ ಎರಡು ವಸ್ತು ತೋರಿಸಿದರು. ಮೊದಲನೆಯದು ಹಗುರವಾದ ಒಂದು ಹಲಗೆ. ಅದರ ಮೇಲೆ ಎರಡು ಚಕ್ರ, ಒಂದಷ್ಟು ಗುಂಡಿ. ಹಾಡುಗಳೆಲ್ಲ ಲ್ಯಾಪ್‌ಟಾಪಿನಲ್ಲಿ ಇರುತ್ತವೆ, ಹಲಗೆಯನ್ನು ಅದಕ್ಕೆ ತಂತಿಯಿಂದ ಸೇರಿಸಬೇಕು. ಬುದ್ಧಿ ಅಲ್ಲಿ, ಕೈ ಇಲ್ಲಿ. ಎರಡನೆಯದು ಕರೀ ಕಬ್ಬಿಣದ ದೊಡ್ಡ ಪೆಟ್ಟಿಗೆ. ಅದರಲ್ಲೂ ಎರಡು ಚಕ್ರ, ಆದರೆ ಬುದ್ಧಿಯೂ ಅದರೊಳಗೇ. ಹಾಡು ತುಂಬಿದ ಪೆನ್‌ಡ್ರೈವ್ ಸಿಕ್ಕಿಸಿ, ಸ್ಪೀಕರ್ ಜೋಡಿಸಿದರೆ ಆಯಿತು. ಲ್ಯಾಪ್‌ಟಾಪಿನ ಹಂಗಿಲ್ಲ. "ಸ್ಟ್ಯಾಂಡ್‌ಅಲೋನ್, ಮಾತಾಜಿ. ಅಕೇಲಾ ಕಾಫೀ ಹೈ" ಅಂತ, ಇದೊಂದೇ ಸಾಕು ಅನ್ನುವ ಹಾಗೆ, ಅದರ ಬೆನ್ನು ತಟ್ಟಿದರು. ಏಕನಾಥರು "ಸ್ವಾವಲಂಬಿ ಯಂತ್ರ" ಎಂದು ಬರೆದುಕೊಂಡರು.

ಇಂದಿರಮ್ಮ ಎರಡರ ಚಕ್ರವನ್ನೂ ಕಣ್ಣುಮುಚ್ಚಿ ತಿರುಗಿಸಿದರು. ಹಲಗೆಯ ಚಕ್ರ ಪ್ಲಾಸ್ಟಿಕ್ ತಟ್ಟೆಯ ಹಾಗೆ ಬೆರಳಿಗಿಂತ ಮೊದಲೇ ಓಡುತ್ತಿತ್ತು. ಪೆಟ್ಟಿಗೆಯದು ಬೀಸುಕಲ್ಲಿನ ಹಾಗೆ, ತಳ್ಳಿದಷ್ಟೇ ಹೋಗಿ, ಹಿಡಿದಲ್ಲಿ ನಿಲ್ಲುತ್ತಿತ್ತು.

ಶನಿವಾರ ಮಗಳು ಮಾನ್ಯಾ ಬಂದಳು. ಅವಳು ಗ್ರೇಟರ್ ನೋಯ್ಡಾದ ಒಂದು ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್‌ನಲ್ಲಿದ್ದಳು. ದೆಹಲಿಯಲ್ಲೇ ಹುಟ್ಟಿ ಬೆಳೆದವಳಾದ್ದರಿಂದ ಅವಳ ವಾಕ್ಯಗಳು ಕನ್ನಡದಲ್ಲಿ ಹೊರಟು ದಾರಿಯಲ್ಲಿ ಬೇರೆ ಬಸ್ಸು ಹತ್ತುತ್ತಿದ್ದವು.

"ಅಮ್ಮ, ಆ ಡಬ್ಬಾ ಬೇಡ, ಪ್ಲೀಸ್! ಲ್ಯಾಪ್‌ಟಾಪ್ ಮೇ ಸಬ್ ಕುಛ್ ಹೋತಾ ಹೈ. ಹತ್ತು ಸಾವಿರ ಹಾಡು ಹಾಕಬಹುದು, ಟೈಪ್ ಮಾಡಿದ್ರೆ ಸರ್ಚ್ ಆಗುತ್ತೆ. ಎರಡು ಹಾಡಿನ ಬೀಟ್ ಮಿಸ್‌ಮ್ಯಾಚ್ ಆದ್ರೆ ಒಂದು ಬಟನ್, ಬಸ್, ಅದೇ ಮ್ಯಾಚ್ ಮಾಡುತ್ತೆ."

"ತಾಳ ಅದೇ ಸೇರಿಸಿದ್ರೆ ನಾನ್ಯಾಕೆ ಹೋಗ್ಬೇಕು?" ಅಂದರು ಇಂದಿರಮ್ಮ.

"ಅಪ್ಪ, ಸಮ್‌ಝಾವೋ ನಾ ಇನ್ಹೇ!"

ಅಪ್ಪನಿಗೆ ಹೇಳಿಕೊಡುವ ಅಗತ್ಯವಿರಲಿಲ್ಲ. ಅವರು ಆಗಲೇ ಲ್ಯಾಪ್‌ಟಾಪಿನ ಪರ ನಾಲ್ಕು ಪುಟ ಬರೆದು ಮುಗಿಸಿದ್ದರು. ಪೆಟ್ಟಿಗೆಯ ತೂಕ ಹನ್ನೊಂದು ಕಿಲೋ, ಮನೆಗೆ ಲಿಫ್ಟಿಲ್ಲ. ಪೆಟ್ಟಿಗೆಯ ಪರದೆ ಬೆಂಕಿಪೊಟ್ಟಣದಷ್ಟು, ಅರ್ಜಿದಾರರಿಗೆ ಚಾಳೀಸು. ಆ ಪರದೆಗೆ ಕನ್ನಡ ಬರುವುದಿಲ್ಲ, ಕನ್ನಡದ ಹೆಸರಿರುವ ಹಾಡುಗಳೆಲ್ಲ ಸಾಲುಸಾಲು ಖಾಲಿ ಚೌಕಗಳಾಗಿ ಕಾಣುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಲ್ಯಾಪ್‌ಟಾಪ್ ಮನೆಯಲ್ಲಿ ಈಗಾಗಲೇ ಇದೆ. ಅದು ಅವರು ನಿವೃತ್ತಿಯ ನಂತರ ಕೊಂಡದ್ದು. ಗ್ಯಾಸ್ ಬುಕ್ ಮಾಡುವುದು, ನೀರಿನ ಮೋಟರ್ ಹಾಕುವುದು, ತಂಗಿಗೆ ಫೋನ್ ಮಾಡುವುದು, ಎಲ್ಲದಕ್ಕೂ ಅದರಲ್ಲಿ ಜ್ಞಾಪನೆ ಬರೆದಿಡುತ್ತಿದ್ದರು. ಹೊತ್ತಾದಾಗ ಅದು ಟಿಂಗ್ ಅಂದು ತೋರಿಸುತ್ತಿತ್ತು. ಪೆಟ್ಟಿಗೆಯ ಪರವಾಗಿ ಅವರ ಟಿಪ್ಪಣಿಯಲ್ಲಿ ಒಂದೇ ಸಾಲಿತ್ತು: "ನೋಡಲು ಗಟ್ಟಿಮುಟ್ಟಾಗಿದೆ."

ಇಂದಿರಮ್ಮ ಟಿಪ್ಪಣಿ ಓದಿ, ಸಹಿ ಹಾಕದೆ, "ಎರಡನ್ನೂ ಒಂದೊಂದು ಸಲ ನುಡಿಸಿ ನೋಡದೆ ನಾನು ಹೇಳೋಲ್ಲ" ಅಂದರು. ಚಂದ್ರಮೋಹನರಿಗೆ ಫೋನ್ ಹೋಯಿತು. ಕುಂಕುಮದ ಮಾತಾಜಿ ಡಿಜೆ ನುಡಿಸುತ್ತಾರೆ ಎಂಬ ಸುದ್ದಿ ಅಷ್ಟರಲ್ಲಿ ಅವರ ಸಾಲಿನ ಅಂಗಡಿಗಳಿಗೆಲ್ಲ ಹರಡಿ ಅವರಿಗೂ ಹುರುಪು ಬಂದಿತ್ತು. ಒಂದೊಂದು ವಾರಕ್ಕೆ ಒಂದೊಂದು ಯಂತ್ರ ಕೊಡಲು ಒಪ್ಪಿದರು.

ಮೊದಲ ಸರದಿ ಹಲಗೆಯದು. ಗುಡಗಾಂವ್‌ನ ಎತ್ತರದ ಫ್ಲಾಟುಗಳ ಕ್ಲಬ್‌ಹೌಸ್‌ನಲ್ಲಿ ಇಂದಿರಮ್ಮನ ಹಳೆಯ ಸಹೋದ್ಯೋಗಿಯ ಮಗನ ನಿಶ್ಚಿತಾರ್ಥ, ಭಾನುವಾರ ಮಧ್ಯಾಹ್ನ. ನನಗೂ ಆಹ್ವಾನವಿತ್ತು. ಸುಮಾರು ಇನ್ನೂರು ಜನ. ವೇದಿಕೆಯ ಹಿಂದೆ ಗೋಡೆಯಗಲ ಬಿಳಿ ಪರದೆ. ಹಾಡಿಗೆ ತಕ್ಕಂತೆ ಬಣ್ಣಬಣ್ಣದ ಅಲೆಗಳು ಕುಣಿಯಲಿ ಅಂತ ಮಾನ್ಯಾ ಅಪ್ಪನ ಲ್ಯಾಪ್‌ಟಾಪನ್ನು ಆ ಪರದೆಗೂ ಜೋಡಿಸಿಬಿಟ್ಟಳು. ನೋಡುವುದಕ್ಕೆ ಭರ್ಜರಿಯಾಗಿತ್ತು. ಇಂದಿರಮ್ಮ ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು ಲ್ಯಾಪ್‌ಟಾಪಿನಲ್ಲಿ ಮುಖ ಹುದುಗಿಸಿದ್ದರು. ಹಾಡುಗಳು ಒಂದಕ್ಕೊಂದು ನೀರಿನ ಹಾಗೆ ಸೇರಿಕೊಂಡು ಹೋಗುತ್ತಿದ್ದವು. ಒಂದು ಗಂಟೆ ಎಲ್ಲ ಸುಸೂತ್ರ.

ನಾಲ್ಕು ಗಂಟೆಗೆ ಸರಿಯಾಗಿ, ಹುಡುಗ ಹುಡುಗಿ ಕೈಹಿಡಿದು ಕುಣಿಯುತ್ತಿರುವಾಗ, ಎಂಟು ಸ್ಪೀಕರ್‌ಗಳಿಂದಲೂ ದೇವಸ್ಥಾನದ ಗಂಟೆಯಷ್ಟು ಜೋರಾಗಿ "ಟಿಂಗ್" ಅಂತು. ಬಣ್ಣದ ಅಲೆಗಳ ಮೇಲೆ, ಆಳೆತ್ತರದ ಇಂಗ್ಲಿಷ್ ಅಕ್ಷರಗಳಲ್ಲಿ, ಒಂದು ಚೌಕ ಮೂಡಿತು. ಅದರಲ್ಲಿದ್ದದ್ದು ಇಷ್ಟು: "ಜ್ಞಾಪನೆ. ನಾಳೆ ಬೆಳಿಗ್ಗೆ ಏಳಕ್ಕೆ ಸಕ್ಕರೆ ಪರೀಕ್ಷೆ, ಮೂರನೇ ಸಲ. ಇಂದಿರಾಗೆ ತಿಳಿಸಕೂಡದು."

ಹಾಡು ನಡೆಯುತ್ತಲೇ ಇತ್ತು. ಕುಣಿಯುವವರು ಒಬ್ಬೊಬ್ಬರಾಗಿ ನಿಂತು ಓದಿದರು. ಇಂದಿರಾ ಯಾರು ಅಂತ ಗೊತ್ತಿದ್ದವರು ಇಂದಿರಮ್ಮನನ್ನು ನೋಡಿದರು. ಬರೆದದ್ದು ಯಾರಿರಬಹುದು ಅಂತ ಗೊತ್ತಾದವರು ಸಿಹಿತಿಂಡಿಯ ಮೇಜಿನ ಕಡೆ ನೋಡಿದರು. ಅಲ್ಲಿ ಏಕನಾಥರು ಬಿಸಿ ಜಿಲೇಬಿಯ ಎರಡನೇ ಸುತ್ತನ್ನು ಬಾಯಿಯ ಹತ್ತಿರ ತಂದವರು ಹಾಗೆಯೇ ನಿಂತಿದ್ದರು. ಪಾಕ ಮೊಣಕೈವರೆಗೆ ಇಳಿಯುತ್ತಿತ್ತು.

"ಅಪ್ಪಾ!" ಅಂತ ಕಿರುಚಿ ಮಾನ್ಯಾ ಓಡಿಹೋಗಿ ಗಾಬರಿಯಲ್ಲಿ ಯಾವುದೋ ಗುಂಡಿ ಒತ್ತಿದಳು. ಚೌಕ ಮಾಯವಾಯಿತು. ಎಲ್ಲರೂ ಉಸಿರು ಬಿಟ್ಟು ಮತ್ತೆ ಕುಣಿಯಲು ಶುರುಮಾಡಿದರು. ಆದರೆ ಅವಳು ಒತ್ತಿದ್ದು "ಐದು ನಿಮಿಷ ಬಿಟ್ಟು ಮತ್ತೆ ನೆನಪಿಸು" ಎಂಬುದನ್ನು. ಐದು ನಿಮಿಷ ಬಿಟ್ಟು ಅದು ಮತ್ತೆ ನೆನಪಿಸಿತು. ಎರಡನೇ ಸಲ ಬಂದಾಗ ಹಿಂದಿನ ಸಾಲಿನಲ್ಲಿ ಕೂತಿದ್ದವರೂ ಓದಿಕೊಂಡರು.

ಅವತ್ತು ಏಕನಾಥರಿಗೆ ಯಾರೂ ಏನೂ ತಿನ್ನಲು ಬಿಡಲಿಲ್ಲ. ಗುರುತಿಲ್ಲದ ಹೆಂಗಸರು ಬಂದು ಹಾಗಲಕಾಯಿ ರಸದ ವಿಧಾನ ಹೇಳಿದರು. ನಿವೃತ್ತ ಕರ್ನಲ್ ಒಬ್ಬರು ತಮ್ಮ ಸಕ್ಕರೆಯ ಅಂಕಿಗಳನ್ನು ಯುದ್ಧದ ಕತೆಯ ಹಾಗೆ ವಿವರಿಸಿದರು. ಐಸ್‌ಕ್ರೀಮಿನ ಕಡೆ ಹೆಜ್ಜೆ ಇಟ್ಟರೆ ಬಡಿಸುವವನೇ ಮುಚ್ಚಳ ಹಾಕಿ, "ಅಂಕಲ್‌ಜಿ, ಸಲಾಡ್ ಉಧರ್ ಹೈ" ಅಂದ.

ಮನೆಗೆ ಬಂದ ಮೇಲಿನದ್ದು ನಾನು ಛಾವಣಿಯ ಮೂಲಕ ಕೇಳಿಸಿಕೊಂಡದ್ದು.

"ಮೂರನೇ ಸಲ ಅಂದ್ರೆ, ಮೊದಲಿನೆರಡು ಸಲ ಯಾವಾಗ?"

ಕುರ್ಚಿ ಎಳೆದ ಸದ್ದು.

"ಎಷ್ಟಿತ್ತು?"

"ಇನ್ನೂರ ಎಂಬತ್ತು."

"ನನಗ್ಯಾಕೆ ಹೇಳ್ಲಿಲ್ಲ?"

"ನಿನ್ನ ರಿಟೈರ್‌ಮೆಂಟ್ ಹತ್ತಿರ ಇತ್ತು. ನೀನು ಗೋಧಿ ಹಲ್ವಾ ಮಾಡ್ತೀನಿ ಅಂತಿದ್ದೆ."

ಆಮೇಲೆ ಸ್ಟೀಲ್ ಡಬ್ಬಿಗಳು ಒಂದೊಂದಾಗಿ ಮೇಲಿನ ಶೆಲ್ಫಿನಿಂದ ಇಳಿಯುವ ಸದ್ದು. ಅರ್ಧ ಗಂಟೆಯ ಮೇಲೆ ಮಾನ್ಯಾ ನಮ್ಮ ಮನೆ ಬಾಗಿಲು ತಟ್ಟಿದಳು. ಅವಳ ಕೈಯಲ್ಲಿ ಚಕ್ಕುಲಿ ಬಿಟ್ಟು ಮಿಕ್ಕೆಲ್ಲ ತಿಂಡಿ ಇತ್ತು. ಮಾರನೇ ದಿನ ಬೆಳಿಗ್ಗೆ ಏಳಕ್ಕೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಲ್ಯಾಬಿಗೆ ಹೋಗುವುದನ್ನು ನಾನು ಕಿಟಕಿಯಿಂದ ನೋಡಿದೆ. ಇಂದಿರಮ್ಮ ಗಂಡನ ಕೈಚೀಲ ತಾವೇ ಹಿಡಿದಿದ್ದರು, ರೋಗಿಯನ್ನು ಕರೆದೊಯ್ಯುವವರ ಹಾಗೆ. ಏಕನಾಥರ ಮುಖದಲ್ಲಿ ಮಾತ್ರ ಹೊರೆ ಇಳಿದವರ ಕಳೆ ಇತ್ತು.

ಅದೇ ದಿನ ಅವರು ಫೈಲಿನಲ್ಲಿ ಹೊಸ ಪುಟ ಸೇರಿಸಿದರು: "ಮೇಲ್ಕಂಡ ಶಿಫಾರಸನ್ನು ಹಿಂಪಡೆಯಲಾಗಿದೆ. ಲ್ಯಾಪ್‌ಟಾಪ್ ಅವಲಂಬಿತ ಯಂತ್ರದಲ್ಲಿ ಗೋಪ್ಯತೆಯ ಗಂಭೀರ ಲೋಪ ಕಂಡುಬಂದಿದೆ. ಸ್ವಾವಲಂಬಿ ಯಂತ್ರಕ್ಕೆ ಹಾಡಿನ ಹೊರತು ಬೇರೆ ವಿಷಯ ತಿಳಿದಿರುವುದಿಲ್ಲ. ಅದನ್ನೇ ಕೊಳ್ಳಬಹುದು."

ಇಂದಿರಮ್ಮ ಓದಿ ನಕ್ಕರು. "ಲ್ಯಾಪ್‌ಟಾಪ್ ಸತ್ಯ ಹೇಳ್ತು ರೀ. ಅದನ್ನ ಸಾಧಕದ ಕಡೆ ಬರ್ಕೊಳ್ಳಿ, ಬಾಧಕದ ಕಡೆ ಅಲ್ಲ." ಹಾಗೆಂದು ಕೆಳಗೆ ತಾವೇ ಎರಡು ಸಾಲು ಶಾರ್ಟ್‌ಹ್ಯಾಂಡ್‌ನಲ್ಲಿ ಬರೆದರು. ಏಕನಾಥರು ಫೈಲನ್ನು ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು.

"ಏನು ಬರೆದಿದ್ದೀಯ?"

"ಗೋಪ್ಯ" ಅಂದರು ಇಂದಿರಮ್ಮ.

ಎರಡನೇ ವಾರ ಪೆಟ್ಟಿಗೆಯ ಸರದಿ. ಇಂದಿರಮ್ಮನ ಗೆಳತಿ ಸುಶೀಲಮ್ಮನ ಮೊಮ್ಮಗನಿಗೆ ಗ್ರೇಟರ್ ನೋಯ್ಡಾದ ಅವರ ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ನಾಮಕರಣ. ಪೆಟ್ಟಿಗೆಯನ್ನು ಜಮಖಾನದಲ್ಲಿ ಸುತ್ತಿ ನಾನೂ ಏಕನಾಥರೂ ಎರಡು ಮಹಡಿ ಇಳಿಸಿದೆವು. ಅಂದರೆ ನಾನು ಇಳಿಸಿದೆ. ಅವರು "ಎಡಕ್ಕೆ, ಸ್ವಲ್ಪ ಎಡಕ್ಕೆ, ಮೆಟ್ಟಿಲಿದೆ ಜೋಪಾನ" ಅನ್ನುತ್ತಾ ಒಂದು ಮೂಲೆಯನ್ನು ಮುಟ್ಟಿಕೊಂಡಿದ್ದರು.

ಖಾಲಿ ಚೌಕಗಳ ತೊಂದರೆಗೆ ಇಂದಿರಮ್ಮ ಉಪಾಯ ಕಂಡುಕೊಂಡಿದ್ದರು. ಹಾಡುಗಳ ಹೆಸರನ್ನೆಲ್ಲ ತೆಗೆದುಹಾಕಿ ಬರೀ ನಂಬರ್ ಕೊಟ್ಟು, ಯಾವ ನಂಬರಿಗೆ ಯಾವ ಹಾಡು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರು. ನಲವತ್ತೊಂದು ಜೋಗುಳ. ಹದಿನಾಲ್ಕು ಭಾಂಗ್ಡಾದ ಢೋಲು.

ಪುರೋಹಿತರು ಮಂತ್ರ ಮುಗಿಸಿದರು. ಮಗು ಬೆಳಿಗ್ಗೆಯಿಂದ ಒಂದೇ ಸಮನೆ ಅಳುತ್ತಿತ್ತು. ಸುಶೀಲಮ್ಮ ಅದನ್ನು ತೊಟ್ಟಿಲಿಗಿಳಿಸಿ ಇಂದಿರಮ್ಮನಿಗೆ ಕೈಸನ್ನೆ ಮಾಡಿದರು. ಇಂದಿರಮ್ಮ ಚಾಳೀಸನ್ನು ಸರಿಮಾಡಿಕೊಂಡು ಬೆಂಕಿಪೊಟ್ಟಣದಷ್ಟಗಲದ ಪರದೆಯಲ್ಲಿ ನಲವತ್ತೊಂದು ಹುಡುಕಿ ಒತ್ತಿದರು.

ಅದು ಹದಿನಾಲ್ಕಾಗಿತ್ತು.

ಢೋಲಿನ ಮೊದಲ ಏಟಿಗೆ ಪುರೋಹಿತರ ಕೈಯಿಂದ ಪಂಚಪಾತ್ರೆ ಜಾರಿತು. ಯಾರೋ ಕಿವಿ ಮುಚ್ಚಿಕೊಂಡರು. ಇಂದಿರಮ್ಮನ ಕೈ ಗುಂಡಿಯ ಕಡೆ ಹೋಗುವಷ್ಟರಲ್ಲಿ ಎಲ್ಲರಿಗೂ ಒಂದು ವಿಷಯ ಗಮನಕ್ಕೆ ಬಂತು. ಮಗುವಿನ ಅಳು ನಿಂತಿತ್ತು. ಅದು ಕಣ್ಣು ಅಗಲಿಸಿ, ಎರಡು ಕಾಲನ್ನೂ ಢೋಲಿನ ಏಟಿಗೆ ಸರಿಯಾಗಿ ಒದೆಯುತ್ತಿತ್ತು.

ಇಂದಿರಮ್ಮ ತಪ್ಪು ತಿದ್ದಿಕೊಂಡು ಜೋಗುಳ ಹಾಕಿದರು. ಮಗು ಮತ್ತೆ ಅಳಲು ಶುರುಮಾಡಿತು.

"ಅಯ್ಯೋ, ಮೊದಲಿನದೇ ಹಾಕೇ ತಾಯಿ!" ಅಂದರು ಸುಶೀಲಮ್ಮ. "ಇದು ಇಲ್ಲಿ ಹುಟ್ಟಿದ್ದು ಕಣೇ, ನಮ್ಮ ಜೋಗುಳ ಇದಕ್ಕೇನು ಗೊತ್ತು!"

ಹಾಗಾಗಿ ಆ ಮಗುವಿನ ಹೆಸರನ್ನು ಭಾಂಗ್ಡಾದ ನಡುವೆ ಅದರ ಕಿವಿಯಲ್ಲಿ ಮೂರು ಸಲ ಕೂಗಿ ಹೇಳಬೇಕಾಯಿತು. ಹಾಲಿನಲ್ಲಿದ್ದ ಎಲ್ಲರ ಕಿವಿಗೂ ಅದು ಬಿತ್ತು.

ಊಟಕ್ಕೆ ಮುಂಚೆ ಕೋಲಾಟ ನಡೆಯುತ್ತಿದ್ದಾಗ ಕರೆಂಟ್ ಹೋಯಿತು. ಗ್ರೇಟರ್ ನೋಯ್ಡಾದಲ್ಲಿ ಅದೇನೂ ಸುದ್ದಿಯಲ್ಲ. ಹತ್ತು ಸೆಕೆಂಡಿಗೆ ಜನರೇಟರ್ ಗುಡುಗಿ ದೀಪಗಳು ಬಂದವು. ಸ್ಪೀಕರ್ ಬಂತು. ಪೆಟ್ಟಿಗೆ ಮಾತ್ರ ನಿದ್ದೆಯಿಂದೆದ್ದ ಅಜ್ಜನ ಹಾಗೆ ಮೊದಲು ತನ್ನ ಹೆಸರು ತೋರಿಸಿತು, ಆಮೇಲೆ ಪೆನ್‌ಡ್ರೈವಿನ ಹಾಡುಗಳನ್ನು ಒಂದರಿಂದ ಓದಲು ಶುರುಮಾಡಿತು. ಏಕನಾಥರು ಕೈಗಡಿಯಾರ ನೋಡಿಕೊಂಡು ನಿಂತರು. ಕೋಲು ಎತ್ತಿದ ಹನ್ನೆರಡು ಹೆಂಗಸರು ಎತ್ತಿಕೊಂಡೇ ನಿಂತಿದ್ದರು.

ಇಂದಿರಮ್ಮ ಪೆಟ್ಟಿಗೆಯನ್ನು ಅದರ ಪಾಡಿಗೆ ಬಿಟ್ಟು, ಹಾಡು ಎಲ್ಲಿ ನಿಂತಿತ್ತೋ ಅಲ್ಲಿಂದ ಚಪ್ಪಾಳೆ ಹೊಡೆಯುತ್ತಾ ತಾವೇ ಹಾಡಿದರು. ಅವರ ಕಂಠ ಅಷ್ಟೇನೂ ಇಂಪಲ್ಲ, ಆದರೆ ತಾಳ ಕಲ್ಲಿನ ಮೇಲೆ ಕೊರೆದ ಹಾಗೆ. ಕೋಲುಗಳು ಟಕ್ ಟಕ್ ಅಂತ ಶುರುವಾದವು. ಪೆಟ್ಟಿಗೆ ಎಚ್ಚರವಾದಾಗ ಹಾಡನ್ನು ಅದೇ ಜಾಗಕ್ಕೆ ತಂದು, ಚಕ್ರವನ್ನು ಒಂಚೂರು ತಳ್ಳಿ, ಚಪ್ಪಾಳೆಯ ವೇಗಕ್ಕೆ ಸೇರಿಸಿಬಿಟ್ಟರು. ಎಲ್ಲಿ ಅವರ ದನಿ ನಿಂತಿತು, ಎಲ್ಲಿ ಸ್ಪೀಕರಿನದು ಬಂತು ಅಂತ ಕುಣಿಯುವವರಿಗೆ ಗೊತ್ತಾಗಲಿಲ್ಲ.

"ಒಂದು ನಿಮಿಷ ನಲವತ್ತು ಸೆಕೆಂಡು" ಅಂತ ಏಕನಾಥರು ಬರೆದುಕೊಂಡರು.

"ದೇಖಾ?" ಅಂದಳು ಮಾನ್ಯಾ. "ಲ್ಯಾಪ್‌ಟಾಪ್ ಆಗಿದ್ರೆ ಬ್ಯಾಟರಿ ಮೇಲೆ ನಡೀತಿತ್ತು."

"ಸ್ಪೀಕರ್ ಯಾವ ಬ್ಯಾಟರಿ ಮೇಲೆ ಹಾಡ್ತಿತ್ತೇ?"

"ಆದ್ರೂ ಕರೆಂಟ್ ಬಂದ ಕೂಡ್ಲೇ ಶುರು ಆಗ್ತಿತ್ತಲ್ಲ."

"ಅದು ಹೌದು" ಅಂತ ಇಂದಿರಮ್ಮ ಒಪ್ಪಿಕೊಂಡರು. "ಬರ್ಕೊಳ್ಳಿ ರೀ, ಬಾಧಕದ ಕಡೆ. ನಿಧಾನಕ್ಕೆ ಏಳುತ್ತೆ ಅಂತ."

ಸೋಮವಾರ ಮೂವರೂ ಲಜಪತ್ ರಾಯ್ ಮಾರ್ಕೆಟ್ಟಿಗೆ ಹೋದರು. ಮುಂದಿನದ್ದು ಮಾನ್ಯಾ ನನಗೆ ಹೇಳಿದ್ದು. ಏಕನಾಥರ ಫೈಲ್ ಅಷ್ಟರಲ್ಲಿ ಮೂವತ್ತು ಪುಟ ದಾಟಿತ್ತು. ಅದರ ಕೊನೆಯಲ್ಲಿ ಸಾಧಕಗಳೂ ಬಾಧಕಗಳೂ ಸಮವಾಗಿ ನಿಂತು, "ಸಕ್ಷಮ ಪ್ರಾಧಿಕಾರದ ಆದೇಶಕ್ಕಾಗಿ ಮಂಡಿಸಿದೆ" ಎಂದಿತ್ತು. ಚಂದ್ರಮೋಹನ ಚಹಾ ತರಿಸಿ, "ತೋ ಮಾತಾಜಿ, ಕೌನ್ ಸಾ?" ಅಂದರು.

"ಪೆಟ್ಟಿಗೆ" ಅಂದರು ಇಂದಿರಮ್ಮ.

ಮಾನ್ಯಾ ತಡೆಯಲಾರದೆ ಕೇಳಿದಳು: "ಅಮ್ಮ, ಭಾರ ಇದೆ, ಸ್ಕ್ರೀನ್ ಚಿಕ್ಕದು, ನಂಬರ್ ಕೂಡ ಕಾಣಲ್ಲ ನಿಂಗೆ. ಕ್ಯೂಂ?"

ಇಂದಿರಮ್ಮ ಚಹಾದ ಲೋಟ ಕೆಳಗಿಟ್ಟರು. "ಮೂವತ್ತೇಳು ವರ್ಷ ಕತ್ತು ಬಗ್ಗಿಸಿ ಇನ್ನೊಬ್ಬರು ಹೇಳಿದ್ದು ಬರೆದೆ. ಎದುರಿಗೆ ಕೂತು ಹೇಳ್ತಿರೋ ಸಾಹೇಬರ ಮುಖ ಹೇಗಿದೆ ಅಂತ ಅರ್ಧ ಜನರದ್ದು ನನಗೆ ಗೊತ್ತೇ ಇಲ್ಲ. ಗುಡಗಾಂವ್‌ನಲ್ಲೂ ಹಾಗೇ ಆಯ್ತು. ಆ ಲ್ಯಾಪ್‌ಟಾಪಿನಲ್ಲಿ ನೋಡೋಕೆ ಎಷ್ಟೊಂದಿದೆ! ಅಲೆ, ಬಣ್ಣ, ಪಟ್ಟಿ. ಮೂರು ಗಂಟೆ ತಲೆ ಎತ್ತಲಿಲ್ಲ ನಾನು. ಮದುಮಗಳು ಯಾವ ಸೀರೆ ಉಟ್ಟಿದ್ಲು ಅಂತ ಕೇಳು, ಗೊತ್ತಿಲ್ಲ. ಇದರ ಪರದೇಲಿ ನೋಡೋಕೆ ಏನೂ ಇಲ್ಲ, ಹಾಗಾಗಿ ಕುಣಿಯೋರನ್ನ ನೋಡ್ತೀನಿ. ಅಷ್ಟೇ."

ಏಕನಾಥರು ಇದನ್ನು ಎಲ್ಲಿ ಬರೆಯುವುದು ಅಂತ ತಿಳಿಯದೆ ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತಿದ್ದರಂತೆ. ಆಮೇಲೆ ಫೈಲನ್ನು ಮುಚ್ಚಿ ದಾರ ಕಟ್ಟಿದರು.

ಪೆಟ್ಟಿಗೆಯಿಂದ ಕಷ್ಟವೇನೂ ಆಗಲಿಲ್ಲ ಅಂತಲ್ಲ. ಮೇ ತಿಂಗಳ ಧೂಳುಗಾಳಿ ಹೊಕ್ಕು ಎಡ ಚಕ್ರ ಒಂದು ವಾರ ಕರಕರ ಅಂತು. ಪೆನ್‌ಡ್ರೈವ್ ಸಿಕ್ಕಿಸುವ ಜಾಗ ಸಡಿಲವಾಗಿ, ಕೀರ್ತನೆಯೊಂದರ ನಡುವೆ ಯಾರೋ ಮೇಜಿಗೆ ಮೊಣಕಾಲು ತಗುಲಿಸಿದರೆ ಹಾಡು ನಿಲ್ಲುತ್ತಿತ್ತು. ಮೆಟ್ಟಿಲು ಹತ್ತಿಸಿ ಇಳಿಸಿ ನನ್ನ ಸೊಂಟಕ್ಕೆ ಪಟ್ಟಿ ಬಂತು. ಬೇಸಿಗೆ ಕಳೆಯುವ ಹೊತ್ತಿಗೆ ಅವರು ಸರ್ಕಾರಿ ಮನೆ ಬಿಟ್ಟು ಲಿಫ್ಟ್ ಇರುವ ಫ್ಲಾಟಿಗೆ ಹೋದದ್ದರಿಂದ ನಾನು ಬದುಕಿಕೊಂಡೆ. ಈಗ ಛಾವಣಿಯಿಂದ ಏನೂ ಕೇಳಿಸುವುದಿಲ್ಲ. ಮೇಲೆ ಬಂದವರು ಬಹಳ ಮೌನದ ಜನ.

ಆದರೂ ಡಿಸೆಂಬರಿನಲ್ಲಿ ಒಂದು ಸಲ ಅವರ ಜೊತೆ ಫರೀದಾಬಾದಿಗೆ ಹೋಗಿದ್ದೆ. ಮದುವೆಯ ಹಿಂದಿನ ದಿನ, ಮಂಜು ಕರಗಿ ಬಿಸಿಲು ಬಂದಿದ್ದ ಮಧ್ಯಾಹ್ನ. ಎಲ್ಲರೂ ಕುಣಿಯುತ್ತಿದ್ದರು. ಮದುಮಗನ ಅಜ್ಜಿ ಮಾತ್ರ, ತೊಂಬತ್ತರ ಹತ್ತಿರದವರು, ಕಂಬಳಿ ಹೊದ್ದು ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಯಾರೂ ಅವರನ್ನು ಗಮನಿಸಿರಲಿಲ್ಲ. ಇಂದಿರಮ್ಮ ಗಮನಿಸಿದ್ದರು. ಅಜ್ಜಿಯ ಬಲಗೈಯ ತೋರುಬೆರಳು ಕುರ್ಚಿಯ ಕೈ ಮೇಲೆ ಏಳುತ್ತಿತ್ತು, ಬೀಳುತ್ತಿತ್ತು. ಹಾಡಿಗಿಂತ ತುಸು ಹಿಂದೆ.

ಇಂದಿರಮ್ಮ ಪೆಟ್ಟಿಗೆಯ ಬದಿಯ, ವೇಗ ಹೆಚ್ಚು ಕಮ್ಮಿ ಮಾಡುವ ಕಡ್ಡಿಯನ್ನು ಕೂದಲೆಳೆಯಷ್ಟು ಸರಿಸಿದರು. ಹಾಡು ಒಂಚೂರು ನಿಧಾನವಾಯಿತು. ಇನ್ನೊಂದು ಕೂದಲೆಳೆ. ಕುಣಿಯುವ ಹುಡುಗರಿಗೆ ಏನೂ ತಿಳಿಯಲಿಲ್ಲ, ದಣಿವಾಗಿರಬೇಕು ಅಂದುಕೊಂಡು ಹೆಜ್ಜೆ ಸಣ್ಣದು ಮಾಡಿದರು. ಮೂರು ಹಾಡು ಹೀಗೆ ಇಳಿಸುತ್ತಾ ಇಳಿಸುತ್ತಾ ಹಾಡನ್ನು ಆ ಬೆರಳಿನ ಹತ್ತಿರ ತಂದು ನಿಲ್ಲಿಸಿದರು. ಅಜ್ಜಿ ಕಂಬಳಿ ಸರಿಸಿದರು. ಸೊಸೆಯ ಭುಜ ಹಿಡಿದು ಎದ್ದರು. ಹುಡುಗರು ಬೊಬ್ಬೆ ಹಾಕುತ್ತಾ ಜಾಗ ಬಿಟ್ಟರು. ಅಜ್ಜಿ ನಡುವೆ ನಿಂತು, ಕಾಲು ಎತ್ತದೆ, ಮಣಿಕಟ್ಟು ಎರಡನ್ನೇ ತಿರುಗಿಸುತ್ತಾ, ಒಂದು ಹಾಡು ಪೂರ್ತಿ ಕುಣಿದರು. ಏಕನಾಥರು ಕನ್ನಡಕ ತೆಗೆದು ಒರೆಸಿಕೊಂಡರು. ನಾನೂ ಬೇರೆ ಕಡೆ ನೋಡಿದೆ.

ಹಾಡು ಮುಗಿದ ಮೇಲೆ ಅಜ್ಜಿ ಕೋಲೂರಿಕೊಂಡು ನೇರವಾಗಿ ಇಂದಿರಮ್ಮನ ಮೇಜಿನ ಹತ್ತಿರ ಬಂದರು. ಆಶೀರ್ವಾದ ಮಾಡುತ್ತಾರೆ ಅಂತ ಇಂದಿರಮ್ಮ ಎದ್ದು ತಲೆ ಬಗ್ಗಿಸಿದರು. ಅಜ್ಜಿ ತಲೆಯ ಮೇಲೆ ಕೈಯಿಟ್ಟು, ಕಿವಿಯ ಹತ್ತಿರ ಬಾಯಿ ತಂದು ಹೇಳಿದರು:

"ಬೇಟಾ, ಸದ್ದು ಸ್ವಲ್ಪ ಕಮ್ಮಿ ಮಾಡು. ನಾನು ಮುದುಕಿ ಹೌದು, ಕಿವುಡಿ ಅಲ್ಲ."